ಮಳೆ ಹೋದ ಮೇಲೆ, ಚಳಿ ಬರುವ ಮೊದಲು: ಮುಂಬೈ ಬಾಲ್ಕನಿ ತೋಟಕ್ಕೆ ಅಕ್ಟೋಬರ್ ತಯಾರಿ

ಮುಂಬೈಯಲ್ಲಿ ಗಿಡ ಸಾಯುವುದು ಮೇ ತಿಂಗಳ ಬಿಸಿಲಿಗೆ ಎಂದು ನಾನು ತುಂಬಾ ವರ್ಷ ನಂಬಿದ್ದೆ. ಒಂದು ವರ್ಷ ಸುಮ್ನೆ ಕುತೂಹಲಕ್ಕೆ ಸತ್ತ ಗಿಡಗಳ ಲೆಕ್ಕವನ್ನು ಹಾಲಿನ ಲೆಕ್ಕದ ಡೈರಿಯಲ್ಲೇ ಬರೆಯುತ್ತಾ ಹೋದೆ. ವರ್ಷದ ಕೊನೆಗೆ ನೋಡಿದರೆ, ಅರ್ಧಕ್ಕಿಂತ ಜಾಸ್ತಿ ಹೋದದ್ದು ಅಕ್ಟೋಬರ್‌ನಲ್ಲಿ. ಅದೂ ಮಳೆಗಾಲವಿಡೀ ಹಸಿರಾಗಿ ನಿಂತಿದ್ದ ಗಿಡಗಳೇ!

ನಮ್ಮದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮೂರನೇ ಮಹಡಿಯ ಮನೆ. ಹಾಲ್‌ಗೆ ತಾಗಿದ ಬಾಲ್ಕನಿ ದಕ್ಷಿಣಕ್ಕಿದೆ. ಅಡುಗೆಮನೆ ಕಿಟಕಿಯಿಂದ ಹೊರಕ್ಕೆ ಚಾಚಿದ ಬಾಕ್ಸ್ ಗ್ರಿಲ್ ಉತ್ತರಕ್ಕೆ. ಎರಡೂ ಸೇರಿ 34 ಕುಂಡಗಳು. ಊರು ಕುಂದಾಪುರದ ಕಡೆ. ಅಲ್ಲಿ ಹಿತ್ತಿಲಲ್ಲಿ ಏನಾದರೂ ನೆಡುವುದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಕಡಿದು ಎಸೆದ ಬಸಳೆ ದಂಟೂ ಚಿಗುರುತ್ತದೆ. ಅದೇ ಧೈರ್ಯದಲ್ಲಿ ಇಲ್ಲಿ ಶುರುಮಾಡಿ ಚೆನ್ನಾಗಿ ಪೆಟ್ಟು ತಿಂದೆ.

ಪಂಚಾಂಗದಲ್ಲಿ ಆಶ್ವಯುಜ, ಕಾರ್ತಿಕ ಎಂದರೆ ಶರದೃತು. ಬೆಳದಿಂಗಳು, ತಿಳಿ ಆಕಾಶ, ಎಲ್ಲ ಸರಿ. ಆದರೆ ಮುಂಬೈಯವರಿಗೆ ಈ ಕಾಲದ ಹೆಸರು ‘ಅಕ್ಟೋಬರ್ ಹೀಟ್’. ಮೋಡ ಹೋಗುತ್ತದೆ, ಮಧ್ಯಾಹ್ನದ ಬಿಸಿಲು 33-34 ಡಿಗ್ರಿಗೆ ಏರುತ್ತದೆ, ಒಮ್ಮೊಮ್ಮೆ ಅದಕ್ಕೂ ಮೇಲೆ. ತೋಟದ ಕೆಲಸವೆಲ್ಲ ಇದನ್ನು ನೋಡಿಕೊಂಡು ಆಗಬೇಕು.

ಮೊದಲು ಕಾರಣ ತಿಳಿಯಿರಿ, ಕುರ್ಪಿ ಆಮೇಲೆ

ಮುಂಬೈಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಸರಾಸರಿ ಮಳೆ 2,200 ಮಿ.ಮೀ. ದಾಟುತ್ತದೆ. ಗ್ರಿಲ್‌ಗೆ ಮಳೆ ನೇರ ಬೀಳದಿದ್ದರೂ ಎರಚಲು ತಪ್ಪುವುದಿಲ್ಲ. ನಾಲ್ಕು ತಿಂಗಳು ಕುಂಡದ ಮಣ್ಣು ಒದ್ದೆಯಾಗಿಯೇ ಇರುತ್ತದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರು ಕಟ್ಟಿ ಸಾಯುತ್ತದೆ, ಅದರ ಹಿಂದೆಯೇ ಕೊಳೆಸುವ ಶಿಲೀಂಧ್ರ ಸೇರಿಕೊಳ್ಳುತ್ತದೆ.

ಇದು ಮೇಲಿಂದ ಕಾಣಿಸುವುದಿಲ್ಲ. ಆಗಸ್ಟ್‌ನಲ್ಲಿ ಬಿಸಿಲಿಲ್ಲ, ಗಾಳಿಯೆಲ್ಲ ತೇವ. ಎಲೆಗೆ ನೀರಿನ ಖರ್ಚೇ ಇಲ್ಲ. ಹಾಗಾಗಿ ಅರ್ಧ ಬೇರು ಹೋಗಿದ್ದರೂ ಗಿಡ ನಡೆಸಿಕೊಂಡು ಹೋಗುತ್ತದೆ. ಅಕ್ಟೋಬರ್‌ನಲ್ಲಿ ಬಿಸಿಲು ಬಿದ್ದ ಕೂಡಲೇ ಎಲೆ ನೀರು ಕೇಳುತ್ತದೆ. ಕೊಡಲು ಬೇರೇ ಇಲ್ಲ. ಗಿಡ ಬಾಡುತ್ತದೆ. ನಾವು ‘ಅಯ್ಯೋ, ಬಿಸಿಲಿಗೆ ಬಾಡಿತು’ ಎಂದು ಇನ್ನೊಂದು ಚೊಂಬು ನೀರು ಸುರಿಯುತ್ತೇವೆ. ಉಳಿದ ಬೇರೂ ಹೋಗುತ್ತದೆ. ನಾನಂತೂ ಊರಿಂದ ತಂದ ಮಲ್ಲಿಗೆ ಗಿಡಕ್ಕೆ ನೀರಿನ ಜೊತೆ ಎರಡು ಚಮಚ ಯೂರಿಯಾ ಕೂಡ ಹಾಕಿದ್ದೆ. ನಾಲ್ಕೇ ದಿನ. ಅಮ್ಮ ಫೋನಿನಲ್ಲಿ, “ಜ್ವರ ಬಂದವರಿಗೆ ಹೋಳಿಗೆ ಊಟ ಹಾಕಿದ್ಯಲ್ಲೇ” ಎಂದರು.

ಅಂದಮೇಲೆ ಈ ತಯಾರಿಯಲ್ಲಿ ಮೊದಲ ಕೆಲಸ ಬೇರಿನದು. ಕತ್ತರಿ, ಗೊಬ್ಬರ, ಬೀಜ ಎಲ್ಲ ಆಮೇಲೆ.

ಯಾವಾಗ ಶುರು ಮಾಡಬೇಕು?

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬೈಯಿಂದ ಮುಂಗಾರು ಹಿಂದೆ ಸರಿಯುವ ಸಾಮಾನ್ಯ ದಿನ ಅಕ್ಟೋಬರ್ 8. ನಮ್ಮ ಹಿರಿಯರ ಲೆಕ್ಕದಲ್ಲಿ ಸೆಪ್ಟೆಂಬರ್ 27ರ ಹೊತ್ತಿಗೆ ಹಸ್ತ ಮಳೆ, ಅದಾದ ಮೇಲೆ ಚಿತ್ತೆ, ಸ್ವಾತಿ. ಹಸ್ತದಲ್ಲಿ ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಗುಡುಗು. ಹಾಗಾಗಿ ಒಂದು ದಿನ ಬಿಸಿಲು ಕಂಡಿತೆಂದು ಕುಂಡಗಳನ್ನೆಲ್ಲ ಬಿಚ್ಚಿ ಕೂರಬೇಡಿ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಪರೀಕ್ಷೆ ಶುರುಮಾಡಿ. ಮೂರ್ನಾಲ್ಕು ದಿನ ಮಳೆ ಬಿಡುವು ಕೊಟ್ಟಾಗ ಮಣ್ಣಿನ ಕೆಲಸ. ಬೀಜದ ಕೆಲಸ ದಸರಾ ಕಳೆದು ದೀಪಾವಳಿವರೆಗೆ ಎಳೆದುಕೊಂಡು ಹೋಗಬಹುದು. ಎಲ್ಲ ಒಂದೇ ಭಾನುವಾರದಲ್ಲಿ ಮುಗಿಸಲು ಹೋದರೆ ಸೊಂಟ ಹಿಡಿಯುತ್ತದೆ, ಅನುಭವದ ಮಾತು.

ಹಂತ 1: ಸೂರ್ಯ ಎಲ್ಲಿಗೆ ಹೋದ ನೋಡಿ

ಇದನ್ನು ಯಾರೂ ಹೇಳುವುದಿಲ್ಲ. ಆದರೆ ಫ್ಲ್ಯಾಟ್‌ನಲ್ಲಿ ಗಿಡ ಬೆಳೆಸುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ.

ಮುಂಬೈ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ತಿಂಗಳ ನಡುಹಗಲಲ್ಲಿ ಸೂರ್ಯ ನಮ್ಮ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಅದಕ್ಕೇ ಮೇ, ಜೂನ್‌ನಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ, ಸಂಜೆ ಓರೆ ಬಿಸಿಲು ಸಿಗುತ್ತದೆ. ಸೆಪ್ಟೆಂಬರ್ 22-23ರಂದು ಹಗಲು ರಾತ್ರಿ ಸಮ. ಆ ದಿನ ನಡುಹಗಲ ಸೂರ್ಯನ ಎತ್ತರ ಸುಮಾರು 71 ಡಿಗ್ರಿ. ಅಲ್ಲಿಂದ ದಿನಾ ದಕ್ಷಿಣಕ್ಕೆ ಜಾರುತ್ತಾ ಡಿಸೆಂಬರ್ 21-22ಕ್ಕೆ 48 ಡಿಗ್ರಿಯ ಹತ್ತಿರ ಇಳಿಯುತ್ತಾನೆ.

ಇದರಿಂದ ಮನೆಯಲ್ಲಿ ಏನಾಗುತ್ತದೆ? ದಕ್ಷಿಣದ ಬಾಲ್ಕನಿಯ ಮೇಲಿನ ಸ್ಲ್ಯಾಬ್ ಜೂನ್‌ನಲ್ಲಿ ಕೊಡೆಯ ಹಾಗೆ ಕಾಯುತ್ತಿತ್ತು. ಅಕ್ಟೋಬರ್‌ನಲ್ಲಿ ಬಿಸಿಲು ಅದರ ಕೆಳಗಿಂದ ನುಗ್ಗಿ ಗೋಡೆಯವರೆಗೆ ಬರುತ್ತದೆ. ನಾಲ್ಕು ತಿಂಗಳು ನೆರಳಲ್ಲಿ ಮೆತ್ತಗೆ ಬೆಳೆದ ಎಲೆಗಳು ಎರಡೇ ದಿನದಲ್ಲಿ ಸುಟ್ಟ ಕಾಗದದಂತಾಗುತ್ತವೆ. ಅತ್ತ ಉತ್ತರದ ಗ್ರಿಲ್‌ಗೆ ಇನ್ನು ಮಾರ್ಚ್‌ವರೆಗೆ ನೇರ ಬಿಸಿಲೇ ಇಲ್ಲ.

ಒಂದು ರಜಾ ದಿನ ಬೆಳಗ್ಗೆ 8, 11, 2 ಮತ್ತು 4 ಗಂಟೆಗೆ ಮೊಬೈಲಿನಲ್ಲಿ ಬಾಲ್ಕನಿಯ ಫೋಟೋ ತೆಗೆಯಿರಿ. ಬಿಸಿಲು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಬೇರೆ ನಕ್ಷೆ ಬೇಡ. ಎದುರು ಹೊಸ ಟವರ್ ಎದ್ದಿದ್ದರೆ ಕಳೆದ ವರ್ಷದ ಲೆಕ್ಕ ಈ ವರ್ಷಕ್ಕೆ ಆಗುವುದಿಲ್ಲ. ನಮ್ಮಲ್ಲಿ ಹಾಗೇ ಆಗಿ 4 ಗಂಟೆಯ ಬಿಸಿಲು ಪೂರ್ತಿ ಹೋಯಿತು.

ಆಮೇಲೆ ಕುಂಡಗಳ ಜಾಗ ಬದಲಿಸಿ. ದಾಸವಾಳ, ಗುಲಾಬಿ, ಮಲ್ಲಿಗೆ, ಕಾಗದದ ಹೂ, ಟೊಮೇಟೊ, ಮೆಣಸು ದಕ್ಷಿಣಕ್ಕೆ ಅಥವಾ ಪೂರ್ವಕ್ಕೆ. ಮನಿಪ್ಲಾಂಟ್, ದೊಡ್ಡಪತ್ರೆ, ಪುದೀನ ಉತ್ತರದಲ್ಲೂ ನಡೆಸುತ್ತವೆ. ನೆರಳಲ್ಲಿದ್ದದ್ದನ್ನು ಒಮ್ಮೆಲೇ ಬಿಸಿಲಿಗೆ ಎಳೆಯಬೇಡಿ. ಮೊದಲ ನಾಲ್ಕು ದಿನ ಬೆಳಗಿನ ಎರಡು ಗಂಟೆ ಬಿಸಿಲು ಸಾಕು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ನರ್ಸರಿಯ ಹಸಿರು ಬಲೆ, ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನದು, ಬಾಲ್ಕನಿಯ ಗ್ರಿಲ್‌ಗೆ ಕಟ್ಟಿದರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಕಾಟನ್ ಸೀರೆ. 12ರಿಂದ 3 ಗಂಟೆವರೆಗೆ ಇಳಿಬಿಟ್ಟರೆ ಆಯಿತು. ದೀಪಾವಳಿ ಹೊತ್ತಿಗೆ ಬಿಸಿಲಿನ ಖಾರ ಕಡಿಮೆಯಾಗುತ್ತದೆ, ಆಗ ತೆಗೆಯಿರಿ.

ಹಂತ 2: ಕುಂಡ ಎತ್ತಿ, ಕೆಳಗೆ ನೋಡಿ

ಪ್ರತಿ ಕುಂಡವನ್ನೂ ಎತ್ತಬೇಕು. ಕಷ್ಟದ ಕೆಲಸ. 12 ಇಂಚಿನ ಒದ್ದೆ ಕುಂಡ 20 ಕಿಲೋಗೆ ಕಡಿಮೆ ತೂಗುವುದಿಲ್ಲ. ಒಬ್ಬರೇ ಎಳೆಯಬೇಡಿ, ಕೆಳಗೆ ಗೋಣಿ ಹಾಸಿ ಜಾರಿಸಿ.

ಕೆಳಗೆ ಮೂರು ವಿಷಯ ನೋಡಬೇಕು. ತೂತು ಮುಚ್ಚಿದೆಯೇ? ಮಳೆಗಾಲದಲ್ಲಿ ಸಣ್ಣ ಮಣ್ಣು ಇಳಿದು ಕೆಸರಾಗಿ ತೂತಿಗೆ ಬಿರಡೆ ಹಾಕಿದಂತೆ ಕೂರುತ್ತದೆ. ಹಳೆಯ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ಬಿಡಿಸಿ. ತಟ್ಟೆಯಲ್ಲಿ ನೀರು ನಿಂತಿದೆಯೇ? ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಅದರ ಮೊಟ್ಟೆ ಒಣಗಿದ ತಟ್ಟೆಯ ಅಂಚಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಮಾತ್ರ ಸಾಲದು, ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ನಾನು ಈಗ ತಟ್ಟೆಗಳನ್ನೇ ತೆಗೆದು ಎರಡೆರಡು ಟೈಲ್ಸ್ ತುಂಡಿನ ಮೇಲೆ ಕುಂಡ ಇಟ್ಟಿದ್ದೇನೆ.

ಮೂರನೆಯದು ನೆಲ. ಕುಂಡದ ಕೆಳಗಿನ ನೆಲ ಪಾಚಿ ಕಟ್ಟಿದ್ದರೆ, ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕಲೆ ಬೀಳುವ ಮೊದಲೇ ಒಣಗಿಸಿ. ‘ಲೀಕೇಜ್’ ಎಂಬ ಒಂದು ಶಬ್ದಕ್ಕೆ ಸೊಸೈಟಿ ಮೀಟಿಂಗ್‌ನಲ್ಲಿ ಎಷ್ಟು ಶಕ್ತಿ ಇದೆ ಎಂದು ಇಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ ಅಲ್ವಾ? ಗ್ರಿಲ್‌ನ ಕಬ್ಬಿಣ ಮಳೆಗೆ ತುಕ್ಕು ಹಿಡಿದಿದೆಯೇ, ವೆಲ್ಡಿಂಗ್ ಬಿಟ್ಟಿದೆಯೇ, ಅದನ್ನೂ ಈಗಲೇ ನೋಡಿ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಕಟ್ಟೆಯ ಮೇಲೆ ಕುಂಡ ಇಡಲೇಬೇಡಿ.

ಹಂತ 3: ಬೇರಿನ ಪರೀಕ್ಷೆ

ಎಲ್ಲ ಕುಂಡ ಬಿಚ್ಚಬೇಡಿ. ಚೆನ್ನಾಗಿರುವ ಗಿಡದ ಬೇರು ಕೆದಕಿ ನಾವೇ ರೋಗ ತರಿಸುವುದು ಬೇಡ. ಅನುಮಾನದವನ್ನು ಮಾತ್ರ ಆರಿಸಿ. ಮೇಲ್ಮಣ್ಣು ಹಸಿರು ಪಾಚಿಯಾಗಿದ್ದರೆ, ಮಳೆ ನಿಂತು ಐದು ದಿನವಾದರೂ ಬೆರಳು ಇಳಿಸಿದಲ್ಲಿ ಕೆಸರು ಇದ್ದರೆ, ಮಣ್ಣು ಒದ್ದೆ ಇದ್ದೂ ಎಲೆ ಬಾಡಿದ್ದರೆ, ಕುಂಡದಿಂದ ಚರಂಡಿಯ ವಾಸನೆ ಬಂದರೆ, ಅವು ಅನುಮಾನದವು. ನಮ್ಮಲ್ಲಿ 34ರಲ್ಲಿ ಎಂಟೋ ಹತ್ತೋ ಹೀಗೆ ಸಿಗುತ್ತವೆ.

ಹೊರಗೆ ತೆಗೆಯುವ ಕ್ರಮ ಇದು. ಗಿಡದ ಬುಡವನ್ನು ಬೆರಳ ಸಂದಿಯಲ್ಲಿ ಹಿಡಿದು ಕುಂಡ ಮಲಗಿಸಿ, ಅಂಚನ್ನು ಕೈಯಿಂದ ತಟ್ಟಿ. ಪ್ಲಾಸ್ಟಿಕ್ ಆದರೆ ಬದಿ ಒತ್ತಿ. ಕಾಂಡ ಹಿಡಿದು ಎಳೆಯಬೇಡಿ. ಉಂಡೆ ಹೊರಗೆ ಬಂದಾಗ ಬೇರು ನೋಡಿ. ಬಿಳಿ ಅಥವಾ ತಿಳಿ ಕಂದು, ಮುಟ್ಟಿದರೆ ಗಟ್ಟಿ, ಮಣ್ಣಿನ ವಾಸನೆ ಇದ್ದರೆ ಹಾಗೇ ವಾಪಸ್ ಇಡಿ. ಕಪ್ಪು, ಲೋಳೆ, ಎಳೆದರೆ ಮೇಲಿನ ಸಿಪ್ಪೆ ಕಳಚಿ ನಡುವೆ ದಾರದ ಹಾಗೆ ಒಂದು ಎಳೆ ಮಾತ್ರ ಉಳಿದರೆ, ಅದು ಕೊಳೆತ ಬೇರು.

ಕೊಳೆತದ್ದನ್ನೆಲ್ಲ ಗಟ್ಟಿ ಬೇರು ಸಿಗುವವರೆಗೆ ಕತ್ತರಿಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಲೇಬೇಕು. ಬೇರು ಎಷ್ಟು ಹೋಯಿತೋ ಹೆಚ್ಚುಕಡಿಮೆ ಅಷ್ಟೇ ಪಾಲು ಮೇಲಿನ ಎಲೆ, ಕೊಂಬೆ ತೆಗೆಯಬೇಕು. ಮೊಗ್ಗಿದ್ದರೂ ಸರಿ. ಇಲ್ಲಿ ಕೈ ನಡುಗುತ್ತದೆ, ಗೊತ್ತು. ಆದರೆ ಕಾಲು ಭಾಗ ಬೇರು ಇಡೀ ಗಿಡವನ್ನು ಸಾಕಲಾರದು. ಹಳೆಯ ಮಣ್ಣನ್ನು ಅದೇ ಕುಂಡಕ್ಕೆ ಹಾಕಬೇಡಿ. ತೆಳುವಾಗಿ ಹರಡಿ ಒಂದು ವಾರ ಖಡಕ್ ಬಿಸಿಲಲ್ಲಿ ಒಣಗಿಸಿ, ಆಮೇಲೆ ಬೇರೆ ಗಟ್ಟಿ ಗಿಡಗಳಿಗೆ ಬೆರೆಸಿಕೊಳ್ಳಬಹುದು.

ಹೊಸ ಕುಂಡ ದೊಡ್ಡದಿರಲಿ ಎಂಬ ಆಸೆ ಬೇಡ. ಬೇರು ಕಡಿಮೆಯಾದ ಗಿಡಕ್ಕೆ ಸಣ್ಣ ಕುಂಡವೇ ಸರಿ. ದೊಡ್ಡದರಲ್ಲಿ ಮಣ್ಣು ಒಣಗುವುದೇ ಇಲ್ಲ. ನೆಟ್ಟ ಮೇಲೆ ಒಮ್ಮೆ ನೀರು ಕೊಟ್ಟು, ಒಂದು ವಾರದಿಂದ ಹತ್ತು ದಿನ ಬೆಳಕಿರುವ ನೆರಳಲ್ಲಿ ಇಡಿ. ಹೊಸ ಚಿಗುರು ಕಂಡಮೇಲೆ ಬಿಸಿಲಿಗೆ.

ಹಂತ 4: ಮಣ್ಣು ಕಲಸುವುದು

ನರ್ಸರಿಯಲ್ಲಿ ಸಿಗುವ ‘ಲಾಲ್ ಮಿಟ್ಟಿ’ ಚೀಲದಲ್ಲಿ ಪುಡಿಯಾಗಿ ಕಾಣುತ್ತದೆ. ನಾಲ್ಕು ಸಲ ನೀರು ಬಿದ್ದರೆ ಇಟ್ಟಿಗೆ. ಅದನ್ನೊಂದೇ ಹಾಕುವುದರಿಂದಲೇ ಅರ್ಧ ತೊಂದರೆ. ನನ್ನ ಅಳತೆ: ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಬಕೆಟ್‌ಗೆ ಒಂದು ಮುಷ್ಟಿ ಬೇವಿನ ಹಿಂಡಿ. ಗುಲಾಬಿ, ತುಳಸಿ, ಕಾಗದದ ಹೂವಿಗೆ ಕೋಕೋಪೀಟ್ ಅರ್ಧಕ್ಕೆ ಇಳಿಸಿ ಉಳಿದದ್ದಕ್ಕೆ ದಪ್ಪ ಮರಳು. ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರುತ್ತದೆ. ನೀರಲ್ಲಿ ನೆನೆಸಿ ಎರಡು ಸಲ ಹಿಂಡಿ ಬಳಸಿ.

ಅಂಗಡಿಯಲ್ಲಿ ಮರಾಠಿಯಲ್ಲಿ ಕೇಳುವುದಾದರೆ ಸಗಣಿಗೊಬ್ಬರ ‘ಶೇಣಖತ್’, ಬೇವಿನ ಹಿಂಡಿ ‘ನಿಂಬೋಳಿ ಪೇಂಡ್’. ಕುಂಡಕ್ಕೆ ಅವರು ಹೇಳುವ ಶಬ್ದ ‘ಕುಂಡಿ’. “ತಾಯಿ, ಮೋಠಿ ಕುಂಡಿ ಪಾಯಿಜೆ ಕಾ?” (ಅಕ್ಕಾ, ದೊಡ್ಡ ಕುಂಡ ಬೇಕಾ?) ಎಂದು ಕೇಳಿದರೆ ನಗು ತಡೆದುಕೊಳ್ಳಿ. ಊರಿಂದ ಹೊಸದಾಗಿ ಬಂದ ನನ್ನ ನಾದಿನಿಗೆ ಅದು ಆಗಲಿಲ್ಲ, ಇಬ್ಬರೂ ಮಣ್ಣು ತೆಗೆದುಕೊಳ್ಳದೆ ವಾಪಸ್ ಬಂದೆವು.

ಕುಂಡದ ತಳಕ್ಕೆ ಜಲ್ಲಿ, ಕಲ್ಲು ತುಂಬುವ ಪದ್ಧತಿ ಇದೆ. ನೀರು ಬೇಗ ಇಳಿಯುತ್ತದೆ ಎಂಬ ನಂಬಿಕೆ. ನಿಜಕ್ಕೂ ಆಗುವುದು ಉಲ್ಟಾ. ಸಣ್ಣ ಮಣ್ಣಿನ ಕಣಗಳು ನೀರನ್ನು ಹಿಡಿದುಕೊಳ್ಳುತ್ತವೆ, ದಪ್ಪ ಕಲ್ಲಿಗೆ ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಒದ್ದೆ ಪದರ ತಳದ ಬದಲು ಕಲ್ಲಿನ ಮೇಲೆ, ಅಂದರೆ ಬೇರಿಗೆ ಇನ್ನೂ ಹತ್ತಿರ ನಿಲ್ಲುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರೋ, ಸೊಳ್ಳೆ ಬಲೆಯ ತುಂಡೋ ಸಾಕು.

ಗಣಪತಿ ಹಬ್ಬದಲ್ಲಿ ಮನೆಯಲ್ಲೇ ಬಕೆಟ್‌ನಲ್ಲಿ ವಿಸರ್ಜನೆ ಮಾಡಿದ ಶಾಡೂ ಮಣ್ಣು ಹಲವರ ಮನೆಯಲ್ಲಿ ಇರುತ್ತದೆ. ಅದನ್ನು ಭಕ್ತಿಯಿಂದ ತುಳಸಿ ಬುಡಕ್ಕೆ ಸುರಿಯುತ್ತಾರೆ. ಅದು ಬಹಳ ಸಣ್ಣ ಜೇಡಿಮಣ್ಣು. ಮೇಲೆ ಸುರಿದರೆ ಸಿಮೆಂಟಿನ ಹಾಗೆ ಮುಚ್ಚಿಕೊಳ್ಳುತ್ತದೆ. ಒಣಗಿಸಿ ಪುಡಿಮಾಡಿ, ಹೊಸ ಮಣ್ಣು ಕಲಸುವಾಗ ಬಕೆಟ್‌ಗೆ ಒಂದೆರಡು ಮುಷ್ಟಿಯಷ್ಟು ಮಾತ್ರ ಸೇರಿಸಿ.

ಹಂತ 5: ಕತ್ತರಿ

ಸತ್ತ ಕೊಂಬೆ, ಕಪ್ಪು ಚುಕ್ಕೆಯ ಎಲೆ, ಒಂದಕ್ಕೊಂದು ಉಜ್ಜುವ ರೆಂಬೆ, ಇವನ್ನು ಎಲ್ಲ ಗಿಡಗಳಲ್ಲೂ ತೆಗೆಯಿರಿ. ರೋಗದ ಎಲೆಯನ್ನು ಮನೆಯ ಗೊಬ್ಬರದ ಬುಟ್ಟಿಗೆ ಹಾಕಬೇಡಿ.

ಗುಲಾಬಿಗೆ ಈ ಕಡೆ ಅಕ್ಟೋಬರ್ ತಿಂಗಳೇ ದೊಡ್ಡ ಕಟಾವಿನ ಕಾಲ. ಮಳೆ ಪೂರ್ತಿ ನಿಂತ ಮೇಲೆ, ಗಟ್ಟಿ ಕೊಂಬೆಗಳನ್ನು ಮೂರನೇ ಒಂದರಿಂದ ಅರ್ಧದಷ್ಟು ಇಳಿಸಿ. ಹೊರಮುಖದ ಕಣ್ಣಿನ (ಚಿಗುರು ಒಡೆಯುವ ಗಂಟಿನ) ಮೇಲೆ ಕಾಲಿಂಚು ಬಿಟ್ಟು ಓರೆಯಾಗಿ ಕತ್ತರಿಸಿ. ಒಂದೂವರೆ ತಿಂಗಳಿಗೆ ಹೂವು. ದಾಸವಾಳದ ತುದಿಗಳನ್ನು ನಾಲ್ಕೈದು ಇಂಚು ಕತ್ತರಿಸಿದರೆ ಪೊದೆಯಾಗುತ್ತದೆ. ಗುಂಡುಮಲ್ಲಿಗೆಯನ್ನು ಈಗ ಮುಟ್ಟಬೇಡಿ, ಅದರ ಕಟಾವು ನವೆಂಬರ್ ಕೊನೆಗೆ. ಪಾರಿಜಾತ ಇದ್ದರೆ ಅದನ್ನೂ ಬಿಡಿ, ಅದು ಹೂ ಸುರಿಸುವ ಕಾಲವೇ ಇದು.

ತುಳಸಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾರ್ತಿಕದ ಉತ್ಥಾನ ದ್ವಾದಶಿಗೆ ತುಳಸಿ ಪೂಜೆ, ಆದರೆ ಅದಕ್ಕೆ ಮೊದಲೇ ಮುಂಬೈಯ ಎಷ್ಟೋ ಮನೆಗಳಲ್ಲಿ ತುಳಸಿ ಕಡ್ಡಿಯಾಗಿರುತ್ತದೆ. ಒಂದು ಕಾರಣ ಕೊಳೆತ ಬೇರು. ಇನ್ನೊಂದು, ಗಿಡ ತುಂಬ ತೆನೆ. ಬೀಜ ಬಲಿತರೆ ಗಿಡದ ಕೆಲಸ ಮುಗಿದಂತೆ, ಅದು ಒಣಗಲು ಶುರು. ಸೆಪ್ಟೆಂಬರ್‌ನಲ್ಲೇ ತೆನೆಗಳನ್ನು ಎರಡು ಎಲೆ ಸಮೇತ ಚಿವುಟಿ. ನಮ್ಮ ಮನೆಯಲ್ಲಿ ದ್ವಾದಶಿಯಂದು ತುಳಸಿ ಮುಟ್ಟಿ ಕೊಯ್ಯುವ ಹಾಗಿಲ್ಲ, ಹಾಗಾಗಿ ದಿನ ನೋಡಿ ಮಾಡುತ್ತೇನೆ. ಚಿವುಟಿದ ಬಲಿತ ತೆನೆಯನ್ನು ಇನ್ನೊಂದು ಸಣ್ಣ ಕುಂಡದಲ್ಲಿ ಉದುರಿಸಿಡಿ. ಕುಂಡದ ತುಳಸಿ ಎರಡು ಮೂರು ವರ್ಷಕ್ಕೆ ಮುದಿಯಾಗುತ್ತದೆ, ಮರಿಗಿಡ ತಯಾರಿರಬೇಕು. ಪೂಜೆಯ ದಿನ ಬುಡಕ್ಕೆ ಹಾಲು ಸುರಿಯುವವರು ಒಂದು ಚಮಚದಲ್ಲಿ ಮುಗಿಸಿ. ಇರುವೆ, ಬೂಸ್ಟು ಎರಡೂ ತಪ್ಪುತ್ತವೆ.

ಹಂತ 6: ಹುಳ ಹುಪ್ಪಟೆ

ಮಳೆಗಾಲದ ಶತ್ರು ಬಸವನಹುಳ. ದೊಡ್ಡ ಶಂಖದ ಹಾಗಿರುವವು ಪೈಪ್ ಹಿಡಿದು ಮೇಲಿನ ಮಹಡಿಗೂ ಹತ್ತುತ್ತವೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ. ಬರಿಗೈಯಲ್ಲಿ ಮುಟ್ಟಬೇಡಿ, ಅವುಗಳ ಮೈಯಲ್ಲಿ ಮನುಷ್ಯರಿಗೂ ಕಾಯಿಲೆ ತರುವ ಹುಳು ಇರಬಹುದು. ಉಪ್ಪುನೀರಿನ ಡಬ್ಬಿಗೆ ಹಾಕಿ. ಗಿಡದ ಮಣ್ಣಿಗೆ ಮಾತ್ರ ಉಪ್ಪು ಬೀಳಬಾರದು.

ಬಿಸಿಲು ಬಂದಕೂಡಲೇ ಪಾಳಿ ಬದಲಾಗುತ್ತದೆ. ಹಿಟ್ಟು ತಿಗಣೆ, ನುಸಿ. ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿಯ ಹಾಗೆ ಕಾಣುವುದು ಹಿಟ್ಟು ತಿಗಣೆ. ಅದು ಬರುವ ಮೊದಲು ಇರುವೆ ಸಾಲು ಬರುತ್ತದೆ. ಅದರ ಸಿಹಿ ರಸಕ್ಕಾಗಿ ಇರುವೆಗಳೇ ಅದನ್ನು ಕಾದು, ಹೊತ್ತು ಹರಡುತ್ತವೆ. ಇರುವೆ ಕಂಡ ದಿನವೇ ಎಲೆಯಡಿ ನೋಡಿ. ಸ್ವಲ್ಪವಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದರೆ ಸಾಕು. ಜಾಸ್ತಿಯಿದ್ದರೆ ಕುಡಿ ಕತ್ತರಿಸಿ ಚೀಲದಲ್ಲಿ ಕಟ್ಟಿ ಬಿಸಾಡಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ಮೊದಲು ಎಣ್ಣೆಗೆ ಬೆರೆಸಿ, ಆಮೇಲೆ ನೀರು. ಇಲ್ಲದಿದ್ದರೆ ಎಣ್ಣೆ ತೇಲುತ್ತದೆ. ಸಂಜೆಯೇ ಸಿಂಪಡಿಸಿ, ಬಿಸಿಲಲ್ಲಿ ಎಣ್ಣೆ ಬಿದ್ದ ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲ.

ಎಲೆ ಮಂಕಾಗಿ ಸೂಜಿಮೊನೆಯಷ್ಟು ಚುಕ್ಕೆ, ಹಿಂದೆ ಸಣ್ಣ ಬಲೆ ಇದ್ದರೆ ನುಸಿ. ಅದಕ್ಕೆ ಒಣ ಬಿಸಿ ಇಷ್ಟ. ಎರಡು ದಿನಕ್ಕೊಮ್ಮೆ ಎಲೆಯಡಿಗೆ ನೀರು ಜೋರಾಗಿ ಹೊಡೆಯಿರಿ. ಅಷ್ಟಕ್ಕೇ ಅರ್ಧ ಹೋಗುತ್ತದೆ.

ಹಂತ 7: ಗೊಬ್ಬರ, ಆದರೆ ತಡೆದು

ಮಳೆ ನೀರು ಕುಂಡದ ಸಾರವನ್ನೆಲ್ಲ ತೊಳೆದಿರುತ್ತದೆ. ಹಳೆ ಎಲೆ ಹಳದಿಯಾದರೆ ಸಾರಜನಕ ಕಡಿಮೆ. ಹಳೆ ಎಲೆಯಲ್ಲಿ ನರ ಹಸಿರಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಅದೇ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣದ ಕೊರತೆ, ಅದಕ್ಕೆ ಎಷ್ಟೋ ಸಲ ನೀರು ನಿಂತ ಮಣ್ಣೇ ಕಾರಣ. ಆದರೂ ಹೊಸ ಚಿಗುರು ಕಾಣುವವರೆಗೆ ಏನೂ ಹಾಕಬೇಡಿ. ಬೇರು ಬಿಚ್ಚಿದ ಗಿಡಕ್ಕೆ ಮೂರು ವಾರ ಉಪವಾಸ. ಆಮೇಲೆ 12 ಇಂಚಿನ ಕುಂಡಕ್ಕೆ ಎರಡು ಮುಷ್ಟಿ ಎರೆಗೊಬ್ಬರ, ಮೇಲ್ಮಣ್ಣನ್ನು ಒಂದಿಂಚು ಕೆದಕಿ ಬೆರೆಸಿ. ತಿಂಗಳಿಗೊಮ್ಮೆ ಸಾಕು.

ಸಾಸಿವೆ ಹಿಂಡಿ ಕೊಳೆಸಿದ ನೀರು ಒಳ್ಳೆಯದೇ. ಆದರೆ ಫ್ಲ್ಯಾಟ್‌ನಲ್ಲಿ ಮಾಡಬೇಡಿ. ಪಕ್ಕದ ಮನೆಯ ಕಾಕು ಗ್ಯಾಸ್ ಲೀಕ್ ಎಂದು ಸಿಲಿಂಡರ್ ಬಂದ್ ಮಾಡಿ ಕೂತಿದ್ದರು. ಅಕ್ಕಚ್ಚು (ಅಕ್ಕಿ ತೊಳೆದ ನೀರು) ಹಾಕಬಹುದು, ಉಪ್ಪು ಬೀಳದ್ದು, ಅದೇ ದಿನದ್ದು. ಆರ್‌ಓ ಮೆಷಿನ್‌ನ ಬಿಸಾಡುವ ನೀರು ಬೇಡ, ಅದರಲ್ಲಿ ಲವಣ ಜಾಸ್ತಿ.

ಹಂತ 8: ನೀರು

ಗಂಟೆ ನೋಡಿ ನೀರು ಹಾಕಬೇಡಿ. ಎರಡು ಗೆಣ್ಣಿನಷ್ಟು ಬೆರಳು ಇಳಿಸಿ. ಒಣಗಿದ್ದರೆ ತಳದಿಂದ ಸೋರುವವರೆಗೆ ಹಾಕಿ, ಒದ್ದೆಯಿದ್ದರೆ ಬಿಡಿ. ಹೊತ್ತು ಬೆಳಗ್ಗೆ 8ರೊಳಗೆ. ಮಣ್ಣಿನ ಕುಂಡ ಬೇಗ ಒಣಗುತ್ತದೆ, ಪ್ಲಾಸ್ಟಿಕ್ ತಡ. ಮಧ್ಯಾಹ್ನ ಬಾಡಿ ಸಂಜೆ ತಾನೇ ಎದ್ದು ನಿಂತರೆ ಗಾಬರಿ ಬೇಡ. ಬೆಳಗ್ಗೆಯೂ ಬಾಡಿಯೇ ಇದ್ದರೆ ಹಂತ 3ಕ್ಕೆ ವಾಪಸ್ ಹೋಗಿ. ಮಳೆಯ ತೇವ ಪೂರ್ತಿ ಆರಿದ ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಕಿ, ಬುಡದಿಂದ ಎರಡು ಬೆರಳು ದೂರ.

ಹಂತ 9: ಚಳಿಗಾಲದ ಬಿತ್ತನೆ

ಮುಂಬೈಯ ಚಳಿ ಸಣ್ಣದು. ಡಿಸೆಂಬರ್‌ನಿಂದ ಫೆಬ್ರವರಿ ಎಂದಿಟ್ಟುಕೊಳ್ಳಿ. ಹೂಕೋಸು, ಎಲೆಕೋಸು ಕುಂಡದಲ್ಲಿ ಬೆಳೆಯುವ ಆಸೆಯನ್ನು ನಾನು ಬಿಟ್ಟಿದ್ದೇನೆ. ಜಾಗ ತಿನ್ನುತ್ತದೆ, ಕೊಡುವುದು ಒಂದು ಗಡ್ಡೆ. ಆ ಜಾಗದಲ್ಲಿ ಮೂರು ಸಲ ಮೆಂತ್ಯ ಆಗುತ್ತದೆ.

ಟೊಮೇಟೊ, ಮೆಣಸು, ಬದನೆ ಬೀಜವನ್ನು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಟ್ರೇಯಲ್ಲಿ ಹಾಕಿ. ಮಳೆ ತಾಗದ ಜಾಗದಲ್ಲಿಡಿ. ಸಸಿಗೆ ನಾಲ್ಕೈದು ಎಲೆ ಬಂದಾಗ, ಸುಮಾರು 25-30 ದಿನಕ್ಕೆ, ಕುಂಡಕ್ಕೆ ಬದಲಿಸಿ. ಹೂ ಬಿಡುವ ಹೊತ್ತಿಗೆ ಸೆಕೆ ಕಳೆದಿರುತ್ತದೆ, ಹೂ ಉದುರುವುದಿಲ್ಲ. ಟೊಮೇಟೊಗೆ 12 ಇಂಚಿಗಿಂತ ಸಣ್ಣ ಕುಂಡ ಬೇಡ.

ಉಡುಪಿ ಕಡೆಯವರು ಮಟ್ಟುಗುಳ್ಳದ ಬೀಜ ತರುತ್ತಾರೆ. ನಾನೂ ತಂದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದ ಬದನೆ ಅದು, ಮಟ್ಟು ಊರಿನ ಮಣ್ಣಿಗೆ ಒಗ್ಗಿದ್ದು. ಡೊಂಬಿವಲಿಯಲ್ಲಿ ಗಿಡ ಬಂತು, ಮುಳ್ಳೂ ಬಂತು, ಐದು ಕಾಯಿಯೂ ಬಂತು. ಹುಳಿ ಮಾಡಿದೆವು. ಆ ರುಚಿ ಮಾತ್ರ ಬರಲಿಲ್ಲ.

ಮೆಂತ್ಯ ಯಾವಾಗ ಬೇಕಾದರೂ ಸುಲಭ. ಐದು ಇಂಚು ಆಳದ ಟ್ರೇ, ಅಡುಗೆಮನೆಯ ಮೆಂತ್ಯವೇ ಸಾಕು, ಒಂದು ರಾತ್ರಿ ನೆನೆಸಿ. ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಸೊಪ್ಪು. ಹರಿವೆಯೂ ಹಾಗೆಯೇ. ಕೊತ್ತಂಬರಿಗೆ ಮಾತ್ರ ಆತುರ ಮಾಡಬೇಡಿ. ಅಕ್ಟೋಬರ್ ಸೆಕೆಯಲ್ಲಿ ಅದು ಸರಿಯಾಗಿ ಮೊಳೆಯುವುದಿಲ್ಲ, ಮೊಳೆತರೂ ಬೇಗ ಹೂವಿಗೆ ಹೋಗುತ್ತದೆ. ನವೆಂಬರ್ ನಡುವಿನಲ್ಲಿ, ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಪಾಲಕ್, ಮೂಲಂಗಿಯೂ ಆಗಲೇ. ಅಲಸಂಡೆಗೆ ಸೆಕೆಯ ಹೆದರಿಕೆ ಇಲ್ಲ, ಗ್ರಿಲ್‌ಗೆ ಹಬ್ಬಿಸಿ.

ದಸರೆಗೆ ಬಾಗಿಲಿಗೆ ಕಟ್ಟಿದ ಚೆಂಡುಹೂವಿನ ಮಾಲೆಯನ್ನು ಎಸೆಯಬೇಡಿ. ನೆರಳಲ್ಲಿ ಒಣಗಿಸಿ, ಹೂವಿನ ಬುಡದ ಕಪ್ಪು ಕಡ್ಡಿಗಳನ್ನು ಬಿತ್ತಿ. ವಾರದಲ್ಲಿ ಮೊಳಕೆ, ಎರಡು ತಿಂಗಳ ಸುಮಾರಿಗೆ ಹೂವು. ಹೈಬ್ರಿಡ್ ಆಗಿದ್ದರೆ ಕೆಲವು ಹುಟ್ಟುವುದೇ ಇಲ್ಲ, ಹುಟ್ಟಿದ್ದೂ ಅಮ್ಮನ ಹಾಗಿರುವುದಿಲ್ಲ. ಖರ್ಚೇನೂ ಇಲ್ಲವಲ್ಲ. ನವರಾತ್ರಿಯ ಉಳಿದ ನಿರ್ಮಾಲ್ಯವನ್ನು ದಾರ, ಜರಿ ತೆಗೆದು, ಒಣ ಎಲೆಯ ಜೊತೆ ಪದರ ಪದರವಾಗಿ ತೂತಿನ ಬಕೆಟ್‌ನಲ್ಲಿ ತುಂಬಿ. ಚಳಿ ಮುಗಿಯುವ ಮೊದಲು ಗೊಬ್ಬರ ತಯಾರು.

ಕೆಸುವಿನ ಎಲೆ ಈ ಹೊತ್ತಿಗೆ ಹಳದಿಯಾಗುತ್ತದೆ. ಸಾಯುತ್ತಿಲ್ಲ, ಮಲಗುತ್ತಿದೆ. ನೀರು ನಿಲ್ಲಿಸಿ, ಗೆಡ್ಡೆಯನ್ನು ಮಣ್ಣಲ್ಲೇ ಬಿಟ್ಟು ಕುಂಡವನ್ನು ಮೂಲೆಗೆ ಸರಿಸಿ. ಜೂನ್‌ನಲ್ಲಿ ಪತ್ರೊಡೆಗೆ ಎಬ್ಬಿಸಿದರಾಯಿತು.

ಅದರ ಖಾಲಿ ಜಾಗಕ್ಕೆ ಬಸಳೆ. ಮಾಟುಂಗಾ ಮಾರ್ಕೆಟ್‌ನಲ್ಲಿ ನಮ್ಮ ಕಡೆಯ ತರಕಾರಿ ಮಾರುವವರ ಹತ್ತಿರ ದಪ್ಪ ದಂಟಿನ ಕಟ್ಟು ತನ್ನಿ. ಎಲೆ, ಎಳೆ ತುದಿ ಸಾರಿಗೆ. ಬಲಿತ ದಂಟನ್ನು ಒಂದು ಗೇಣಿನಷ್ಟು ಕತ್ತರಿಸಿ, ಎರಡು ಗಂಟು ಮಣ್ಣೊಳಗೆ ಹೋಗುವಂತೆ ನೆಡಿ. ಹತ್ತು ದಿನ ನೆರಳು. ಚಿಗುರು ಬಳ್ಳಿಯಾಗುವ ಹೊತ್ತಿಗೆ ಗ್ರಿಲ್‌ನ ಮೇಲಿನ ಸರಳಿನಿಂದ ನಾಲ್ಕು ತೆಂಗಿನ ಹಗ್ಗ ಇಳಿಬಿಡಿ. ನೈಲಾನ್ ಬೇಡ, ಬಿಸಿಲಿಗೆ ಕಾದು ಬಳ್ಳಿಯನ್ನು ಕೊಯ್ಯುತ್ತದೆ.